ಕಣ್ಣೀರ ಕೋಡಿ: ಸುಳ್ಳು ಅಂತ ಗೊತ್ತಿದ್ದೂ ಸಿನಿಮಾ ನಮ್ಮನ್ನು ಅಳಿಸುವುದು ಹೇಗೆ?

ಶುಕ್ರವಾರ ಮೊದಲ ಆಟ ಬಿಡುವ ಹೊತ್ತಿಗೆ ತುಮಕೂರಿನ ಯಾವುದಾದರೂ ಥಿಯೇಟರಿನ ಗೇಟಿನ ಹತ್ತಿರ ನಿಂತು ನೋಡಿ. ಮೈಕು ಹಿಡಿದ ಮೂರ್ನಾಲ್ಕು ಹುಡುಗರು ಕಾಯುತ್ತಿರುತ್ತಾರೆ. ಹೊರಬಂದವರಲ್ಲಿ ಯಾರ ಕಣ್ಣು ಕೆಂಪಗಿದೆಯೋ ಅವರ ಮುಂದೆಯೇ ಮೈಕು. "ಹೆಂಗಿದೆ ಅಕ್ಕಾ ಫಿಲಂ?" ಅಂದರೆ ಅಕ್ಕನಿಗೆ ಮಾತು ಹೊರಡದು. ವೇಲು ಕಣ್ಣಿಗೊತ್ತಿಕೊಂಡು, ಕೈ ಅಲ್ಲಾಡಿಸಿ ಹೋಗಿಬಿಡುತ್ತಾರೆ. ಸಂಜೆಯೊಳಗೆ ಅದು ರೀಲ್ಸ್ ಆಗಿರುತ್ತದೆ. ಕೆಳಗೆ ಎರಡು ಪಕ್ಷ. ಒಂದು, "ದುಡ್ಡು ಕೊಟ್ಟು ಅಳಿಸಿದ್ದಾರೆ." ಇನ್ನೊಂದು, "ನಾನೂ ಅತ್ತೆ."

ನಮ್ಮ ಮನೆಯಲ್ಲೂ ಇದೇ ಜಗಳ. ಶಿರಾದ ನಮ್ಮ ಚಿಕ್ಕಮ್ಮ 2022ರ ಜೂನ್‌ನಲ್ಲಿ '777 ಚಾರ್ಲಿ' ನೋಡಿಕೊಂಡು ಬಂದು ಎರಡು ದಿನ ಸಪ್ಪಗಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ಫೋನಿನಲ್ಲಿ ನಕ್ಕ: "ಅಮ್ಮ, ಅದು ಸಿನಿಮಾ. ಆ ನಾಯಿ ಎಲ್ಲೋ ಆರಾಮಾಗಿ ಊಟ ಮಾಡ್ಕೊಂಡು ಮಲಗಿದೆ." ಅದೇ ದಿನಗಳಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಸಿನಿಮಾ ನೋಡಿ, ತೀರಿಹೋಗಿದ್ದ ತಮ್ಮ ಸಾಕುನಾಯಿಯನ್ನು ನೆನೆದು ಕ್ಯಾಮೆರಾಗಳ ಮುಂದೆಯೇ ಕಣ್ಣೊರೆಸಿಕೊಂಡಿದ್ದರು. ಚಿಕ್ಕಮ್ಮನಿಗೆ ಅದೊಂದು ಸಮಾಧಾನ.

ಮಗ ತಮಾಷೆಗೆ ಹೇಳಿದ್ದರೂ ಅದರೊಳಗಿನ ಪ್ರಶ್ನೆ ಸಣ್ಣದಲ್ಲ. ನಡೆದೇ ಇಲ್ಲ ಅಂತ ಖಾತ್ರಿಯಾಗಿ ಗೊತ್ತಿರುವ ಸಂಗತಿಗೆ ದೇಹ ನಿಜವಾದ ನೀರನ್ನು ಯಾಕೆ ಸುರಿಸಬೇಕು?

ಮೂರು ಬಗೆಯ ಕಣ್ಣೀರು

ಅತ್ತಾಗ ಮಾತ್ರ ಕಣ್ಣಲ್ಲಿ ನೀರು ಅಂತ ಅಂದುಕೊಂಡಿರುತ್ತೇವೆ. ಇದನ್ನು ಓದುತ್ತಿರುವ ಈ ಹೊತ್ತಿನಲ್ಲೂ ನಿಮ್ಮ ಕಣ್ಣ ಮೇಲೆ ನೀರಿನ ತೆಳುವಾದ ಪೊರೆಯೊಂದಿದೆ. ಒಂದೊಂದು ಸಲ ರೆಪ್ಪೆ ಬಡಿದಾಗಲೂ ಅದು ಹೊಸದಾಗಿ ಸವರಿಕೊಳ್ಳುತ್ತದೆ. ತಳದಲ್ಲಿ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ಎಣ್ಣೆಯ ಪದರ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವ ಹಾಗೆ. ಆ ಎಣ್ಣೆ ಇರುವುದರಿಂದಲೇ ಕೆಳಗಿನ ನೀರು ಬೇಗ ಆರುವುದಿಲ್ಲ. ಇದು ಮೊದಲನೆಯದು, ದಿನಬಳಕೆಯ ಕಣ್ಣೀರು.

ಎರಡನೆಯದು ಈರುಳ್ಳಿ ಹೆಚ್ಚುವಾಗ, ಒಲೆ ಹೊಗೆ ಹೊಡೆದಾಗ ಬರುವುದು. ಕಣ್ಣಿಗೆ ಬಿದ್ದ ಕಸವನ್ನು ತೊಳೆದು ಹಾಕುವ ಕೆಲಸ ಅದರದ್ದು. ಮೂರನೆಯದು ಮನಸ್ಸು ಕಲಕಿದಾಗ ಬರುವುದು. ಸಿನಿಮಾದ ಮಾತು ಬಂದಾಗ ನಮಗೆ ಬೇಕಾದದ್ದು ಇದು.

ಈ ಎರಡನೆಯದೂ ಮೂರನೆಯದೂ ಒಂದೇ ನೀರೋ ಬೇರೆ ಬೇರೆಯೋ ಅಂತ ಅಮೆರಿಕದ ಮಿನೆಸೋಟದ ಜೀವರಸಾಯನ ವಿಜ್ಞಾನಿ ವಿಲಿಯಂ ಫ್ರೇ ಪರೀಕ್ಷೆ ಮಾಡಿ ನೋಡಿದರು. ಜನರಿಗೆ ಒಮ್ಮೆ ಈರುಳ್ಳಿಯ ಘಾಟು ಕೊಟ್ಟು ಕಣ್ಣೀರು ಹಿಡಿದರು, ಇನ್ನೊಮ್ಮೆ ದುಃಖದ ಸಿನಿಮಾ ತೋರಿಸಿ ಹಿಡಿದರು. 1981ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಸಿನಿಮಾ ನೋಡಿ ಅತ್ತ ಕಣ್ಣೀರಿನಲ್ಲಿ ಪ್ರೋಟೀನು ಹೆಚ್ಚಿತ್ತು. ಅಳಿಸುವ ಸಿನಿಮಾ ಪ್ರಯೋಗಾಲಯದ ಸಾಮಾನಾಗಿದ್ದು ಹೀಗೆ. ಇವತ್ತಿಗೂ ಅಳುವನ್ನು ಕುರಿತು ಅಧ್ಯಯನ ಮಾಡುವವರಿಗೆ ಸಿನಿಮಾ ಬಿಟ್ಟರೆ ಗತಿಯಿಲ್ಲ. ಪರೀಕ್ಷೆಗೆ ಅಂತ ಯಾರಿಗೂ ನಿಜವಾದ ಕಷ್ಟ ಕೊಡಲಾಗುವುದಿಲ್ಲವಲ್ಲ.

ಹುಟ್ಟಿದ ಮಗು ಊರಿಗೆಲ್ಲ ಕೇಳುವ ಹಾಗೆ ಅಳುತ್ತದೆ, ಆದರೆ ಮೊದಲ ಕೆಲವು ವಾರ ಕೆನ್ನೆ ಮೇಲೆ ನೀರು ಇಳಿಯುವುದಿಲ್ಲ. ದನಿಯ ಅಳು ಮೊದಲು, ನೀರಿನ ಅಳು ಆಮೇಲೆ. ಪ್ರಾಣಿಗಳ ಕಣ್ಣಿನಲ್ಲೂ ಮೊದಲಿನ ಎರಡು ಬಗೆಯ ನೀರಿದೆ. ಮೂರನೆಯದು ಮನುಷ್ಯನಿಗಷ್ಟೇ ಅಂತ ವಿಜ್ಞಾನಿಗಳು ಹೇಳುತ್ತಾರೆ. ಜಾತ್ರೆಯಲ್ಲಿ ಮಾರಿದ ಎತ್ತು ಹಿಂತಿರುಗಿ ನೋಡಿ ಕಣ್ಣೀರು ಹಾಕಿತು ಅನ್ನುವ ನಮ್ಮ ರೈತರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ತೂಬು ಮತ್ತು ಕೋಡಿ

ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ನಮ್ಮದು. ತುಮಕೂರಾಗಲಿ, ಕೋಲಾರವಾಗಲಿ, ಚಿಕ್ಕಬಳ್ಳಾಪುರವಾಗಲಿ, ಕೆರೆಯ ಲೆಕ್ಕ ಗೊತ್ತಿಲ್ಲದವರು ಕಡಿಮೆ. ಹಾಗಾಗಿ ಕಣ್ಣನ್ನು ಕೆರೆ ಅಂದುಕೊಂಡರೆ ಮುಂದಿನದು ಸಲೀಸು.

ಹುಬ್ಬಿನ ಕೆಳಗೆ, ಕಿವಿಯ ಕಡೆಯ ಮೂಲೆಯಲ್ಲಿ, ಮೂಳೆಯ ಮರೆಯಲ್ಲಿ ಕಣ್ಣೀರಿನ ಗ್ರಂಥಿಯಿದೆ. ಕೆರೆಗೆ ನೀರು ತರುವ ಹಳ್ಳ ಅದು. ರೆಪ್ಪೆಯ ಅಂಚು ಕೆರೆಯ ಏರಿ. ನೀರು ಹೊರಹೋಗುವ ತೂಬು ಮೂಗಿನ ಕಡೆಯ ಮೂಲೆಯಲ್ಲಿದೆ. ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದರೆ ಸೂಜಿಮೊನೆಯಷ್ಟು ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಒಂದಿದೆ. ಆ ತೂಬುಗಳಿಂದ ಹೊರಟ ನೀರು ಸಣ್ಣ ಕಾಲುವೆಯಲ್ಲಿ ಹಾದು ಮೂಗಿನೊಳಕ್ಕೆ ಬೀಳುತ್ತದೆ.

ಈ ಕೆರೆ ಬಹಳ ಚಿಕ್ಕದು. ಎಂದಿನ ದಿನ ಅದರಲ್ಲಿರುವ ನೀರು ಸುಮಾರು 7 ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಏಳು ಪಾಲು. ಎಷ್ಟೇ ತುಂಬಿಸಿದರೂ 30 ಮೈಕ್ರೋಲೀಟರ್ ಆಸುಪಾಸಿನಲ್ಲಿ ಅದು ಭರ್ತಿ. ಕಣ್ಣಿಗೆ ಹಾಕುವ ಔಷಧಿಯ ಒಂದು ಹನಿಯೂ ಪೂರ್ತಿ ಹಿಡಿಸದೆ ಕೆನ್ನೆಗೆ ಇಳಿಯುವುದು ಇದಕ್ಕೇ.

ಮನಸ್ಸು ಕಲಕಿದಾಗ ಗ್ರಂಥಿಯಿಂದ ಬರುವ ನೀರು ಏಕಾಏಕಿ ಹೆಚ್ಚುತ್ತದೆ. ಮೊದಲು ತೂಬು ತನ್ನ ಕೈಲಾದಷ್ಟು ಎಳೆದುಕೊಳ್ಳುತ್ತದೆ, ಮೂಗು ತುಂಬುತ್ತದೆ. ಥಿಯೇಟರಿನ ಕತ್ತಲಲ್ಲಿ ಅಳುವುದಕ್ಕೆ ಮುಂಚೆ ಅಲ್ಲೊಂದು ಇಲ್ಲೊಂದು 'ಸೊರ್' ಅನ್ನುವ ಸದ್ದು ಕೇಳುವುದು ಆಗಲೇ. ತೂಬಿನ ಕೈಮೀರಿದಾಗ ಏರಿಯ ಮೇಲೆ ನೀರು ಹರಿಯುತ್ತದೆ. ಕಣ್ಣೀರ ಕೋಡಿ ಅಂತ ನಮ್ಮ ಹಿರಿಯರು ಸುಮ್ಮನೆ ಅಂದಿದ್ದಲ್ಲ.

"ನಾನು ಅಳಲಿಲ್ಲ, ಎಸಿ ಗಾಳಿಗೆ ಕಣ್ಣು ಉರೀತು" ಅನ್ನುವ ಗಂಡಸರ ಪರವಾಗಿಯೂ ಒಂದು ಮಾತು. ಪರದೆಯನ್ನೇ ದಿಟ್ಟಿಸುತ್ತಿದ್ದರೆ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಪೊರೆ ಆರುತ್ತದೆ, ಕಣ್ಣು ಉರಿದು ಎರಡನೆಯ ಬಗೆಯ ನೀರು ಬರುತ್ತದೆ. ಅದು ನಿಜ. ಆದರೆ ಅದು ಕ್ಲೈಮ್ಯಾಕ್ಸ್‌ನಲ್ಲಿ ಮಾತ್ರ ಯಾಕೆ ಬರುತ್ತದೆ ಅನ್ನುವುದಕ್ಕೆ ಎಸಿಯ ಹತ್ತಿರ ಉತ್ತರವಿಲ್ಲ.

ಗಂಟಲು ಕಟ್ಟುವುದು

ನಮ್ಮ ಮೈಯಲ್ಲಿ ನಾವು ಹೇಳದಿದ್ದರೂ ತಾನಾಗಿ ನಡೆಯುವ ನರಗಳ ಏರ್ಪಾಡಿದೆ. ಅದರಲ್ಲಿ ಎರಡು ಭಾಗ. ಒಂದು ಅಪಾಯ ಕಂಡಾಗ ಮೈಯನ್ನು ಓಡಲು, ಹೊಡೆದಾಡಲು ಸಜ್ಜು ಮಾಡುತ್ತದೆ: ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಇನ್ನೊಂದು ಮೈಯನ್ನು ಮತ್ತೆ ತಣ್ಣಗೆ ಮಾಡುತ್ತದೆ. ಕಣ್ಣೀರಿನ ಗ್ರಂಥಿಗೆ ಅಪ್ಪಣೆ ಹೋಗುವುದು ಮುಖ್ಯವಾಗಿ ಈ ತಣಿಸುವ ಭಾಗದಿಂದ.

ಮೈ ಸಜ್ಜಾದಾಗ ಉಸಿರಿಗೆ ಹೆಚ್ಚು ಗಾಳಿ ಬೇಕು ಅಂತ ಗಂಟಲಿನ ಬಾಗಿಲು ಅಗಲವಾಗಿ ತೆರೆದುಕೊಳ್ಳುತ್ತದೆ. ಅದೇ ಹೊತ್ತಿಗೆ ನಾವು ಅಳು ನುಂಗಲು ನೋಡುತ್ತೇವೆ. ನುಂಗಬೇಕಾದರೆ ಆ ಬಾಗಿಲು ಮುಚ್ಚಬೇಕು. ಒಂದು ಸ್ನಾಯು ತೆಗೆ ಅನ್ನುತ್ತದೆ, ಇನ್ನೊಂದು ಮುಚ್ಚು ಅನ್ನುತ್ತದೆ. ಆ ಎಳೆದಾಟವೇ ಗಂಟಲಲ್ಲಿ ಸಿಕ್ಕಿಕೊಂಡ ಮುದ್ದೆಯಂತೆ ಅನ್ನಿಸುವುದು. ಅಲ್ಲಿ ನಿಜಕ್ಕೂ ಯಾವ ಗಂಟೂ ಇರುವುದಿಲ್ಲ.

ಹುಣಸೆಹಣ್ಣಿನ ಉತ್ತರ

ಈಗ ಚಿಕ್ಕಮ್ಮನ ಮಗನ ಪ್ರಶ್ನೆಗೆ ಬರೋಣ. ಬೇಸಿಗೆಯಲ್ಲಿ ತುಮಕೂರಿನ ಎಪಿಎಂಸಿ ಯಾರ್ಡಿಗೆ ಹೋದವರಿಗೆ ಹುಣಸೆಹಣ್ಣಿನ ರಾಶಿ ಗೊತ್ತು. ಯಾರ್ಡಿಗೆ ಹೋಗುವುದೂ ಬೇಡ. ಎಳೆಯ ಹುಣಸೆಕಾಯಿಗೆ ಉಪ್ಪು ಖಾರ ಸವರಿ ಹಲ್ಲಿಗೆ ಇಟ್ಟಂತೆ ನೆನೆಸಿಕೊಳ್ಳಿ. ಬಾಯಲ್ಲಿ ನೀರೂರಿತಲ್ಲ? ಕೈಯಲ್ಲಿ ಹುಣಸೆಕಾಯಿ ಇಲ್ಲ ಅಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ನಾಲಗೆ ಆ ತಿಳಿವಳಿಕೆಗಾಗಿ ಕಾಯಲಿಲ್ಲ.

ಬಾಯಿನೀರಿಗೂ ಕಣ್ಣೀರಿಗೂ ಇರುವುದು ಬರಿಯ ಹೋಲಿಕೆಯಲ್ಲ, ನರದ ನಂಟೇ ಇದೆ. ನಾಲಗೆಯ ಕೆಳಗಿನ ಜೊಲ್ಲಿನ ಗ್ರಂಥಿಗಳಿಗೂ ಕಣ್ಣೀರಿನ ಗ್ರಂಥಿಗೂ ಅಪ್ಪಣೆ ಒಯ್ಯುವ ಎಳೆಗಳು ಒಂದೇ ಮುಖದ ನರದಲ್ಲಿ ಹೊರಡುತ್ತವೆ. ಮುಖದ ಲಕ್ವಾ ಹೊಡೆದು ವಾಸಿಯಾಗುವಾಗ ಅಪರೂಪಕ್ಕೆ ಈ ಎಳೆಗಳು ದಾರಿತಪ್ಪಿ ಬೆಳೆಯುವುದುಂಟು. ಅಂಥವರಿಗೆ ಊಟಕ್ಕೆ ಕೂತರೆ ಕಣ್ಣಲ್ಲಿ ನೀರು ಬರುತ್ತದೆ. ವೈದ್ಯರು ಅದಕ್ಕೆ ಮೊಸಳೆ ಕಣ್ಣೀರು ಅಂತಲೇ ಹೆಸರಿಟ್ಟಿದ್ದಾರೆ.

ಕಣ್ಣು ಕಂಡದ್ದಕ್ಕೆ, ಕಿವಿ ಕೇಳಿದ್ದಕ್ಕೆ ಮೈ ಮೊದಲು ಓಗೊಡುತ್ತದೆ. 'ಇದು ನಿಜವಲ್ಲ' ಅನ್ನುವ ತಿದ್ದುಪಡಿ ಹಿಂದಿನಿಂದ ಬರುತ್ತದೆ, ಅದೂ ಮೆಲ್ಲಗೆ. ಪರದೆಯ ಮೇಲಿನ ಮಗು ಬಿಕ್ಕಿದರೆ ನಮ್ಮ ಮಿದುಳಿನಲ್ಲಿ ಎಚ್ಚರಗೊಳ್ಳುವ ಭಾಗಗಳು ಎದುರು ಮನೆಯ ಮಗು ಬಿಕ್ಕಿದರೆ ಎಚ್ಚರಗೊಳ್ಳುವವೇ. ಸಿನಿಮಾಕ್ಕೆ ಅಂತ ಬೇರೆ ಮಿದುಳನ್ನು ಪ್ರಕೃತಿ ಕೊಟ್ಟಿಲ್ಲ. ಕೊಡಲು ಸಮಯವೂ ಸಿಕ್ಕಿಲ್ಲ; ಸಿನಿಮಾಕ್ಕೆ ಇನ್ನೂ ನೂರಮೂವತ್ತು ವರ್ಷ.

ಇದರ ಮಗ್ಗುಲಲ್ಲೇ ಇನ್ನೊಂದು ಸಂಗತಿಯಿದೆ, ನನಗೆ ಮುಖ್ಯ ಅನ್ನಿಸುವುದು ಅದೇ. ಸುಳ್ಳು ಅಂತ ಗೊತ್ತಿದ್ದೂ ಅಳುತ್ತೇವೆ ಅನ್ನುವುದು ಅರ್ಧ ನಿಜ. ಸುಳ್ಳು ಅಂತ ಗೊತ್ತಿರುವುದರಿಂದಲೇ ನಿಶ್ಚಿಂತೆಯಾಗಿ ಅಳಲು ಆಗುತ್ತದೆ ಅನ್ನುವುದು ಉಳಿದರ್ಧ. ಮನೆಯಲ್ಲಿ ಸಾವಾದಾಗ ನೋಡಿ. ಹಿರಿಮಗನಿಗೆ ಅಳಲು ಪುರುಸೊತ್ತಿರುವುದಿಲ್ಲ. ಸೌದೆ, ಶಾಮಿಯಾನ, ನೆಂಟರಿಗೆ ಫೋನು, ತಿಥಿಗೆ ಅಡುಗೆಯವರು. ಹನ್ನೊಂದನೇ ದಿನ ಎಲ್ಲರೂ ಹೊರಟ ಮೇಲೆ, ಅಪ್ಪನ ಚಪ್ಪಲಿ ಬಾಗಿಲಲ್ಲಿ ಕಂಡಾಗ ಕುಸಿಯುತ್ತಾನೆ. ಮೈಗೆ ಇನ್ನು ಮಾಡುವುದೇನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಅಳು. ಥಿಯೇಟರಿನ ಕುರ್ಚಿಯಲ್ಲಿ ಕೂತವರಿಗೆ ಆ ಖಾತ್ರಿ ಟಿಕೆಟ್ಟಿನ ಜೊತೆಗೇ ಸಿಗುತ್ತದೆ. ಯಾರನ್ನೂ ಆಸ್ಪತ್ರೆಗೆ ಒಯ್ಯಬೇಕಿಲ್ಲ, ಯಾರಿಗೂ ಧೈರ್ಯ ಹೇಳಬೇಕಿಲ್ಲ. ಸುತ್ತ ಕತ್ತಲು ಬೇರೆ.

ಅಳು ಬರುವುದು ಸಾವಿಗಲ್ಲ

ಆ್ಯಕ್ಷನ್ ಸಿನಿಮಾದಲ್ಲಿ ಇಂಟರ್‌ವೆಲ್ಲಿಗೆ ಮುಂಚೆಯೇ ನಲವತ್ತು ಜನ ಸತ್ತಿರುತ್ತಾರೆ. ಪಾಪ್‌ಕಾರ್ನ್ ತಿನ್ನುವವರ ಕೈ ನಿಂತಿರುವುದಿಲ್ಲ. ಬರೀ ಸಾವು ಯಾರನ್ನೂ ಅಳಿಸುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಹಾಗಾದರೆ ಏನು ಬೇಕು?

ಮೊದಲು ನಂಟು ಬೇಕು. ಆಮೇಲೆ ಆ ನಂಟಿನವರ ಕೈಲಿ ಏನೂ ಆಗದ ಸ್ಥಿತಿ. ಅಳುವನ್ನೇ ಜೀವಮಾನದ ವಿಷಯ ಮಾಡಿಕೊಂಡಿರುವ ನೆದರ್ಲೆಂಡ್ಸಿನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಡ್ ವಿಂಗರ್‌ಹೂಟ್ಸ್ ಅಳುವಿನ ತಿರುಳನ್ನು ಈ ಅಸಹಾಯಕತೆಯಲ್ಲೇ ಗುರುತಿಸುತ್ತಾರೆ. ಕೋಪ ಬಂದರೆ ಹೊಡೆಯಬಹುದು, ಹೆದರಿದರೆ ಓಡಬಹುದು. ಎರಡೂ ಆಗದಿದ್ದಾಗ ಮನುಷ್ಯನಿಗೆ ಉಳಿಯುವುದು ಕಣ್ಣೀರು. ಅದು 'ನನ್ನ ಕೈಲಾಗದು, ಯಾರಾದರೂ ಬನ್ನಿ' ಅಂತ ಮಾತಿಲ್ಲದೆ ಕರೆಯುವ ಬಗೆ.

1995ರಲ್ಲಿ ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಒಂದು ಪಟ್ಟಿ ಮಾಡಿದರು: ಯಾವ ಸಿನಿಮಾದ ಯಾವ ತುಣುಕು ಯಾವ ಭಾವವನ್ನು ಖಚಿತವಾಗಿ ಎಬ್ಬಿಸುತ್ತದೆ ಅಂತ. 250ಕ್ಕೂ ಹೆಚ್ಚು ಸಿನಿಮಾ ಸೋಸಿ, ಆಯ್ದವನ್ನು 494 ಜನರಿಗೆ ತೋರಿಸಿದರು. ದುಃಖಕ್ಕೆ ಮೇಲೆ ಬಂದದ್ದು 1979ರ 'ದಿ ಚಾಂಪ್' ಅನ್ನುವ ಸಿನಿಮಾದ ಕೊನೆಯ ದೃಶ್ಯ, ಮೂರು ನಿಮಿಷವೂ ಇಲ್ಲದ್ದು. ಅದರಲ್ಲಿ ಬಾಕ್ಸರ್ ಅಪ್ಪ ಮಗನ ಎದುರೇ ಸಾಯುತ್ತಾನೆ. ಅಲ್ಲಿ ಜನರನ್ನು ಮುರಿಯುವುದು ಅಪ್ಪನ ಸಾವಿಗಿಂತ ಹೆಚ್ಚಾಗಿ, ಅವನು ಸತ್ತ ಮೇಲೂ ಎಬ್ಬಿಸಲು ನೋಡುವ ಪುಟ್ಟ ಹುಡುಗ. ಅವನಿಗೆ ಇನ್ನೂ ಗೊತ್ತಾಗಿಲ್ಲ, ನಮಗೆ ಗೊತ್ತಾಗಿದೆ. ನಾವು ಪರದೆಯ ಈಚೆ ಇದ್ದೇವೆ, ಹೇಳುವ ಹಾಗಿಲ್ಲ.

ನಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಹರಿಶ್ಚಂದ್ರನ ಕಥೆ ಆಡಿದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುವುದು ಯಾವಾಗ? ಲೋಹಿತಾಶ್ವನಿಗೆ ಹಾವು ಕಚ್ಚಿದಾಗ 'ಅಯ್ಯೋ' ಅನ್ನುತ್ತಾರೆ, ಅಷ್ಟೇ. ಕಣ್ಣೀರು ಇಳಿಯುವುದು ಸುಡುಗಾಡಿನಲ್ಲಿ, ಸ್ವಂತ ಮಗನ ಹೆಣ ತಂದ ಸ್ವಂತ ಹೆಂಡತಿಯ ಹತ್ತಿರ ಅವನು ಸುಂಕ ಕೇಳಿದಾಗ. ಸುಂಕ ಬಿಟ್ಟುಬಿಡಬಹುದಿತ್ತು. ಬಿಡುವವನಲ್ಲ ಅವನು. ಇಲ್ಲಿ ಅಸಹಾಯಕತೆಗೆ ಮೂರನೆಯದೊಂದು ಸೇರಿಕೊಂಡಿತು ನೋಡಿ: ಒಳ್ಳೆಯತನ.

ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾದರೆ ಪುಣ್ಯಕೋಟಿ ಇದ್ದಾಳೆ. ಶಾಲೆಯಲ್ಲಿ ಆ ಪದ್ಯ ಓದುವಾಗ ಗಂಟಲು ಕಟ್ಟದ ಕನ್ನಡದ ಮಗು ಅಪರೂಪ. ಆದರೆ ಆ ಕಥೆಯಲ್ಲಿ ಹಸು ಸಾಯುವುದೇ ಇಲ್ಲ. ಕೊಟ್ಟ ಮಾತಿಗೆ ಹಿಂತಿರುಗಿ ಬಂದು ಹುಲಿಯ ಮುಂದೆ ನಿಲ್ಲುತ್ತದೆ, ಅಷ್ಟೇ. ಪ್ರಾಣ ಬಿಡುವುದು ಹುಲಿ. ಹಾಗಾದರೆ ನಾವು ಅತ್ತದ್ದು ಯಾವ ಸಾವಿಗೆ? ಯಾವುದಕ್ಕೂ ಅಲ್ಲ. ಬರಬೇಕಾಗಿಲ್ಲದಿದ್ದರೂ ಬಂದಳಲ್ಲ ಅನ್ನುವುದಕ್ಕೆ.

ಸಿನಿಮಾದಲ್ಲಿ ಗಮನಿಸಿ ನೋಡಿದರೆ ಈ ಲೆಕ್ಕ ಮತ್ತೆ ಮತ್ತೆ ಸಿಗುತ್ತದೆ. ಜಗಳವಾಡಿ ಹತ್ತು ವರ್ಷ ಮಾತು ಬಿಟ್ಟ ಅಣ್ಣ ತಂಗಿಯ ಮದುವೆಯ ದಿನ ಬಾಗಿಲಲ್ಲಿ ನಿಂತಾಗ ಅಳು ಬರುತ್ತದೆ, ಜಗಳದ ದೃಶ್ಯದಲ್ಲಿ ಬರುವುದಿಲ್ಲ. ಬಡ ಅಪ್ಪ ತಾನು ಉಂಡೆ ಅಂತ ಸುಳ್ಳು ಹೇಳಿ ತಟ್ಟೆ ಮಗನ ಕಡೆ ಸರಿಸಿದಾಗ ಬರುತ್ತದೆ, ಹಸಿವಿನ ದೃಶ್ಯದಲ್ಲಿ ಬರುವುದಿಲ್ಲ. ಆನಂದಬಾಷ್ಪವೂ ಇದೇ ಮನೆಯದು. ಕ್ಯಾಲಿಫೋರ್ನಿಯಾದ ಮಾನವಶಾಸ್ತ್ರಜ್ಞ ಅಲನ್ ಫಿಸ್ಕ್ ಮತ್ತು ಜೊತೆಗಾರರು ಈ ಭಾವಕ್ಕೆ ಇಂಗ್ಲಿಷಿನಲ್ಲಿ ತಕ್ಕ ಪದ ಸಿಗದೆ ಸಂಸ್ಕೃತಕ್ಕೆ ಕೈಹಾಕಿ 'ಕಾಮ ಮೂತ' ಅಂತ ಕರೆದಿದ್ದಾರೆ. ಪ್ರೀತಿಗೆ ಮನಸ್ಸು ಅಲುಗಿದ್ದು ಅಂತ ಅರ್ಥ. ಎದೆಯಲ್ಲಿ ಬಿಸಿ, ಕಣ್ಣಲ್ಲಿ ನೀರು, ಮೈ ಜುಮ್ಮೆನ್ನುವುದು, ಯಾರನ್ನಾದರೂ ಅಪ್ಪಿಕೊಳ್ಳಬೇಕು ಅನ್ನಿಸುವುದು ಅದರ ಲಕ್ಷಣ. ನಮ್ಮೂರಲ್ಲಿ ಇದಕ್ಕೆ 'ಹೃದಯ ತುಂಬಿ ಬಂತು' ಅನ್ನುತ್ತೇವೆ, ಶಾಸ್ತ್ರ ಬೇಕಾಗಿರಲಿಲ್ಲ.

ನಾಯಿ, ಮಗು, ಮುದುಕರು ನಮ್ಮನ್ನು ಸುಲಭವಾಗಿ ಅಳಿಸುವುದೂ ಇದರಿಂದಲೇ. ಅವರು ಯಾವ ತಪ್ಪೂ ಮಾಡಿರುವುದಿಲ್ಲ, ತಮ್ಮನ್ನು ತಾವು ಉಳಿಸಿಕೊಳ್ಳಲೂ ಆಗುವುದಿಲ್ಲ. ನಾಯಿಗಂತೂ ನೋವು ಹೇಳಿಕೊಳ್ಳಲು ಬಾಯಿಲ್ಲ. ಚಿಕ್ಕಮ್ಮನನ್ನು ಸಪ್ಪಗಾಗಿಸಿದ ಸಿನಿಮಾದಲ್ಲಿ ಕಾಯಿಲೆ ಬಿದ್ದ ನಾಯಿಗೆ ಹಿಮ ತೋರಿಸಲು ಅದರ ಒಡೆಯ ಹಿಮಾಲಯದವರೆಗೆ ಹೋಗುತ್ತಾನೆ. ಕಾಯಿಲೆ ವಾಸಿ ಮಾಡಲು ಅವನ ಕೈಲಾಗದು, ಹಿಮ ತೋರಿಸಲು ಆಗುತ್ತದೆ. ಆ ಎರಡರ ನಡುವಿನ ಜಾಗದಲ್ಲಿ ಕೋಡಿ ಬೀಳುತ್ತದೆ.

ಅಳಿಸುವವರ ಕಸುಬು

ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ ಕನ್ನಡನಾಡನ್ನೆಲ್ಲ ಸುತ್ತಿದ ನಾಟಕ ಕಂಪನಿಯನ್ನು ನಡೆಸಿದ ವೀರಣ್ಣನವರು ಹೆಸರಾಗಿದ್ದು ಹಾಸ್ಯನಟರಾಗಿ. ರಾಜ್‌ಕುಮಾರ್ ಪಳಗಿದ್ದೂ ಅದೇ ಕಂಪನಿಯ ಗರಡಿಯಲ್ಲಿ. ನಗಿಸುವುದಕ್ಕೂ ಅಳಿಸುವುದಕ್ಕೂ ಏನು ಸಂಬಂಧ ಅಂದರೆ, ಮೊದಲು ನಗಿಸಿದವನಷ್ಟೇ ಆಮೇಲೆ ಚೆನ್ನಾಗಿ ಅಳಿಸಬಲ್ಲ. ನಗು ಅತಿ ಬೇಗ ನಂಟು ಕಟ್ಟುತ್ತದೆ. ಸೆಂಟಿಮೆಂಟ್ ಸಿನಿಮಾಗಳ ಮೊದಲರ್ಧದಲ್ಲಿ ತರಲೆ, ತಮಾಷೆ ತುಂಬಿರುವುದು ಕಾಲಹರಣಕ್ಕಲ್ಲ. ಅದು ಮುಂಗಡ ಜಮೆ.

ಇನ್ನೊಂದು ಉಪಾಯ, ಒಂದು ಸಣ್ಣ ಸಾಮಾನನ್ನು ಮುಂಚೆಯೇ ಬಿತ್ತುವುದು. ಮೊದಲ ಹತ್ತು ನಿಮಿಷದಲ್ಲಿ ಅಜ್ಜಿ ಮೊಮ್ಮಗನಿಗೆ ಹರಿದ ಪರ್ಸಿನಿಂದ ಐದು ರೂಪಾಯಿ ತೆಗೆದು ಕೊಡುತ್ತಾಳೆ. ನಾವು ಅದನ್ನು ಮರೆತಿರುತ್ತೇವೆ. ಎರಡು ಗಂಟೆ ಕಳೆದ ಮೇಲೆ ಅಜ್ಜಿಯಿಲ್ಲದ ಮನೆಯಲ್ಲಿ ಆ ಪರ್ಸು ಸಿಗುತ್ತದೆ. ಮಾತೇ ಬೇಡ. ಪರ್ಸೇ ಎಲ್ಲ ಹೇಳುತ್ತದೆ.

ಮುಖವನ್ನು ಹತ್ತಿರದಿಂದ ತೋರಿಸುವುದರ ಬಲ ಬೇರೆಯೇ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ನಿರ್ಭಾವದ ಮುಖದ ತುಣುಕೊಂದನ್ನು ತೆಗೆದುಕೊಂಡರು. ಅದರ ಪಕ್ಕದಲ್ಲಿ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿದ್ದ ಮಗು, ಒಮ್ಮೆ ಒಬ್ಬ ಹೆಂಗಸಿನ ಚಿತ್ರ ಜೋಡಿಸಿ ತೋರಿಸಿದರು. ಮುಖ ಅದೇ. ನೋಡಿದವರು ಮಾತ್ರ ಅದರಲ್ಲಿ ಹಸಿವು ಕಂಡರು, ದುಃಖ ಕಂಡರು, ಆಸೆ ಕಂಡರು. ದುಃಖವನ್ನು ಅಲ್ಲಿ ಇಟ್ಟವರು ನೋಡುಗರೇ. ಒಳ್ಳೆಯ ನಟ ಅಳುವ ದೃಶ್ಯದಲ್ಲಿ ಅಳದೆ ತಡೆದುಕೊಳ್ಳುವುದು ಇದಕ್ಕೇ ಇರಬೇಕು. ಅವನು ಗೋಳಾಡಿದರೆ ಕೆಲಸವನ್ನೆಲ್ಲ ಅವನೇ ಮಾಡಿ ಮುಗಿಸಿದ ಹಾಗೆ, ನಮಗೆ ಏನೂ ಉಳಿಯುವುದಿಲ್ಲ.

ಆದರೂ ಪರದೆಯ ಮೇಲೆ ಒಂದು ಹನಿ ಬೇಕೇ ಬೇಕು. ಅಮೆರಿಕದ ರಾಬರ್ಟ್ ಪ್ರೊವೈನ್ 2009ರಲ್ಲಿ ಅಳುತ್ತಿರುವ ಮುಖಗಳ ಫೋಟೋಗಳಿಂದ ಕಂಪ್ಯೂಟರಿನಲ್ಲಿ ಕಣ್ಣೀರನ್ನಷ್ಟೇ ಅಳಿಸಿ ಜನರಿಗೆ ತೋರಿಸಿದರು. ಹನಿ ಹೋದದ್ದೇ ತಡ, ದುಃಖ ಕಡಿಮೆಯಾಗಿ ಕಂಡಿತು. ಕೆಲವು ಮುಖಗಳ ಭಾವ ಏನು ಅಂತಲೇ ತಿಳಿಯಲಿಲ್ಲ. ಶೂಟಿಂಗಿನಲ್ಲಿ ಗ್ಲಿಸರಿನ್ ಬಾಟಲಿ ಇನ್ನೂ ಉಳಿದುಕೊಂಡಿರುವುದು ಇದರಿಂದ. ನಟನ ಕಣ್ಣೀರು ಬಾಟಲಿಯದ್ದು, ನಮ್ಮದು ಮಾತ್ರ ಅಸಲಿ.

ಸಂಗೀತದ ಬಗ್ಗೆ ಹೇಳಹೊರಟರೆ ಬೇರೆ ಲೇಖನವೇ ಬೇಕು. ಹಳ್ಳಿ ನಾಟಕದ ಹಾರ್ಮೋನಿಯಂ ಮೇಷ್ಟ್ರು ಕರುಣದ ಸೀನಿಗೆ ಶಿವರಂಜನಿಗೋ ಮುಖಾರಿಗೋ ಕೈ ಹಾಕುತ್ತಾರೆ, ಸಿನಿಮಾದವರು ಪಿಟೀಲು, ಕೊಳಲು ತರುತ್ತಾರೆ. ನಿಧಾನದ ನಡೆ, ಜಾರುವ ಸ್ವರ, ನಡುನಡುವೆ ಮುರಿಯುವ ನಾದ, ಎಲ್ಲವೂ ಅಳುವ ಮನುಷ್ಯನ ದನಿಗೆ ಹತ್ತಿರ. ನಂಬಿಕೆಯಿಲ್ಲದವರು ನಿಮ್ಮನ್ನು ಅಳಿಸಿದ ದೃಶ್ಯವನ್ನು ಒಮ್ಮೆ ಸದ್ದು ಪೂರ್ತಿ ಬಂದ್ ಮಾಡಿ ನೋಡಿ.

ತೀರ್ಥಪುರದ ಮೇಷ್ಟ್ರು ಬರೆದ ಉತ್ತರ

ನೋವನ್ನು ದುಡ್ಡು ಕೊಟ್ಟು ಯಾಕೆ ನೋಡುತ್ತೇವೆ ಅನ್ನುವ ಪ್ರಶ್ನೆ ಸಿನಿಮಾಕ್ಕಿಂತ ಬಹಳ ಹಳೆಯದು. ಗ್ರೀಸಿನ ಅರಿಸ್ಟಾಟಲ್ ಅದನ್ನು ಕೇಳಿಕೊಂಡಿದ್ದ. ಮರುಕ, ಭಯ ಎರಡನ್ನೂ ಎಬ್ಬಿಸಿ ಮನಸ್ಸನ್ನು ತಿಳಿಯಾಗಿಸುತ್ತದೆ ನಾಟಕ ಅಂದ. ಅಂಥ ಗ್ರೀಕ್ ನಾಟಕವನ್ನು 'ರುದ್ರನಾಟಕ'ವಾಗಿ ಕನ್ನಡಕ್ಕೆ ತಂದ ಬಿ.ಎಂ.ಶ್ರೀ. ಹುಟ್ಟಿದ್ದು ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ.

ಭಾರತದ ಉತ್ತರ ಭರತನ ನಾಟ್ಯಶಾಸ್ತ್ರದಿಂದ ಶುರು. ಅದನ್ನು ಕನ್ನಡದಲ್ಲಿ ತಿಳಿಯಾಗಿ ವಿವರಿಸಿದವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ.ಶ್ರೀಕಂಠಯ್ಯ, 1953ರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ. ಇದರಲ್ಲಿ ನಮಗೆ ಬೇಕಾದ ಮಾತು ಎರಡು. ಬದುಕಿನಲ್ಲಿರುವುದು ಶೋಕ, ರಂಗದಲ್ಲಿ ಅದು ಕರುಣ ರಸವಾಗುತ್ತದೆ. ಎರಡೂ ಒಂದೇ ಅಲ್ಲ. ಹುಣಸೆಹಣ್ಣಿಗೂ ಅದರಿಂದ ಮಾಡಿದ ಸಾರಿಗೂ ಇರುವಷ್ಟು ವ್ಯತ್ಯಾಸ. ಎರಡನೆಯದು ಸಾಧಾರಣೀಕರಣ. ಹೆಸರು ದೊಡ್ಡದು, ಸಂಗತಿ ಸರಳ. ರಂಗದ ಮೇಲಿನ ದುಃಖ ಅವನೊಬ್ಬನದೂ ಅಲ್ಲ, ನನ್ನೊಬ್ಬನದೂ ಅಲ್ಲ ಅನ್ನುವ ಹಾಗೆ ಆಗಿ, ಯಾರೂ ರುಚಿ ನೋಡಬಹುದಾದದ್ದಾಗುತ್ತದೆ. ನೋಡುವವನು ತನ್ನ ಸ್ವಂತದ ಸುಖದುಃಖದಲ್ಲೇ ಮುಳುಗಿದ್ದರೆ ರಸಕ್ಕೆ ಅಡ್ಡಿ ಅಂತ ಕಾಶ್ಮೀರದ ಅಭಿನವಗುಪ್ತ ಹೇಳುತ್ತಾನೆ.

ಈ ಅಡ್ಡಿ ಏನು ಅಂತ 2022ರ ಮಾರ್ಚ್ 17ರಂದು ನಾಡಿಗೇ ಅನುಭವಕ್ಕೆ ಬಂತು. ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ಕ್ಕೆ. ಅವರ ಹುಟ್ಟುಹಬ್ಬದ ದಿನ 'ಜೇಮ್ಸ್' ಬಿಡುಗಡೆಯಾಯಿತು. ಅದು ಹೊಡೆದಾಟದ ಸಿನಿಮಾ. ಅವರ ಪಾತ್ರಕ್ಕೆ ದನಿ ಕೊಟ್ಟವರು ಅಣ್ಣ ಶಿವರಾಜ್‌ಕುಮಾರ್. ಅಪ್ಪು ಪರದೆಗೆ ಬರುತ್ತಿದ್ದಂತೆ ಜನ ಅತ್ತರು. ಅಲ್ಲಿ ಕಥೆಗೆ ಯಾರೂ ಅಳಲಿಲ್ಲ. ಪರದೆ ಬರೀ ನೆಪ, ದುಃಖ ಮನೆಯದ್ದೇ ಆಗಿತ್ತು. ಶಾಸ್ತ್ರದ ಲೆಕ್ಕದಲ್ಲಿ ಅದು ರಸವಲ್ಲ, ಶೋಕ. ಮುಖ್ಯಮಂತ್ರಿಗಳು ತಮ್ಮ ನಾಯಿ ನೆನೆದು ಅತ್ತದ್ದರಲ್ಲೂ ಇದು ಸ್ವಲ್ಪ ಬೆರೆತಿತ್ತು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಜನರ ಅಳು ಈ ಎರಡರ ಮಿಶ್ರಣವೇ.

ಒಬ್ಬರಿಗೆ ಬರುತ್ತದೆ, ಪಕ್ಕದವರಿಗೆ ಬರುವುದಿಲ್ಲ

ಹೆಂಗಸರು ಹೆಚ್ಚು ಅಳುತ್ತಾರೆ ಅನ್ನುವುದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡಿದೆ. ಆದರೆ ಚಿಕ್ಕ ಮಕ್ಕಳಲ್ಲಿ ಗಂಡು ಹೆಣ್ಣು ಅಂತ ಅಂತರ ಹೆಚ್ಚಿಲ್ಲ, ಅದು ಎದ್ದು ಕಾಣುವುದು ಹರೆಯ ಬಂದ ಮೇಲೆ. ಹಾರ್ಮೋನುಗಳ ಪಾತ್ರ ಇರಬಹುದು, 'ಗಂಡಸಾಗಿ ಅಳ್ತೀಯೇನೋ' ಅನ್ನುವ ಮಾತಿನ ಪಾತ್ರವೂ ಇದೆ. ವಯಸ್ಸು, ನಿದ್ದೆಗೆಟ್ಟಿರುವುದು, ಇತ್ತೀಚೆಗೆ ಆದ ಸಾವು, ಮಗು ಹುಟ್ಟಿದ್ದು, ಎಲ್ಲವೂ ಏರಿಯನ್ನು ತಗ್ಗಿಸುತ್ತವೆ. ಕಾಲೇಜಿನಲ್ಲಿದ್ದಾಗ ತಾಯಿ ಸೆಂಟಿಮೆಂಟಿಗೆ ಶಿಳ್ಳೆ ಹೊಡೆದು ನಗುತ್ತಿದ್ದವನೇ ನಲವತ್ತಕ್ಕೆ ಅದೇ ದೃಶ್ಯದಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾನೆ. ಸಿನಿಮಾ ಬದಲಾಗಿಲ್ಲ.

ಅಳು ಬಾರದವರ ಎದೆ ಕಲ್ಲು ಅಂತಲೂ ಅಲ್ಲ. ಕೆಲವರ ತೂಬು ದೊಡ್ಡದು ಅಂದುಕೊಳ್ಳಬಹುದು.

ಅತ್ತರೆ ಹಗುರವಾಗುತ್ತದೆಯೇ?

ಆಗುತ್ತದೆ, ಆದರೆ ಕೂಡಲೇ ಅಲ್ಲ. 2015ರಲ್ಲಿ ವಿಂಗರ್‌ಹೂಟ್ಸ್ ಮತ್ತು ಸಂಗಡಿಗರು 60 ಜನರಿಗೆ ಅಳಿಸುವ ಸಿನಿಮಾ ತೋರಿಸಿದರು. ಅದರಲ್ಲೊಂದು ತೀರಿಹೋದ ಒಡೆಯನಿಗಾಗಿ ಕಾಯುವ ನಾಯಿಯ ಕಥೆ. 28 ಜನ ಅತ್ತರು, 32 ಜನ ಅಳಲಿಲ್ಲ. ಸಿನಿಮಾ ಮುಗಿದ ಕೂಡಲೇ ಕೇಳಿದಾಗ ಅತ್ತವರ ಮನಸ್ಸು ಮುಂಚಿಗಿಂತ ಕೆಟ್ಟಿತ್ತು. ಅಳದವರದ್ದು ಇದ್ದ ಹಾಗೇ ಇತ್ತು. 20 ನಿಮಿಷಕ್ಕೆ ಅತ್ತವರು ಮೊದಲಿನ ಸ್ಥಿತಿಗೆ ಬಂದರು. 90 ನಿಮಿಷ ಕಳೆದ ಮೇಲೆ ಸಿನಿಮಾ ನೋಡುವ ಮುಂಚೆ ಇದ್ದದ್ದಕ್ಕಿಂತಲೂ ಹಗುರವಾಗಿದ್ದರು.

ಗೇಟಿನಲ್ಲಿ ಮೈಕು ಹಿಡಿಯುವ ಹುಡುಗರಿಗೆ ಇದು ಗೊತ್ತಿದ್ದರೆ ಚೆನ್ನಾಗಿತ್ತು. ಅವರು ಕೇಳುವುದು ಸರಿಯಾಗಿ ಮನಸ್ಸು ತಳಕ್ಕಿಳಿದ ಹೊತ್ತಿನಲ್ಲಿ. ಅದೇ ಅಕ್ಕನನ್ನು ಬಸ್ಸು ಹಿಡಿದು ಮನೆ ಸೇರಿ ಕಾಫಿ ಕುಡಿದ ಮೇಲೆ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಕಣ್ಣೀರಿನ ಜೊತೆ ಒತ್ತಡದ ವಿಷವೆಲ್ಲ ಹೊರಹೋಗುತ್ತದೆ ಅನ್ನುವ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದರ ಮೂಲ ಫ್ರೇ ಅವರ ಊಹೆ. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಹಗುರವಾಗುವುದಕ್ಕೆ ಮೈ ತಣಿಯುವುದು ಒಂದು ಕಾರಣ, ಪಕ್ಕದಲ್ಲಿ ಒಬ್ಬರು ಹೆಗಲ ಮೇಲೆ ಕೈಯಿಡುವುದು ಇನ್ನೊಂದು. ಇಷ್ಟರ ಜೊತೆ ಒಂದು ಎಚ್ಚರಿಕೆ: ಸಿನಿಮಾ ಇಲ್ಲದೆಯೂ ದಿನಗಟ್ಟಲೆ ಅಳು ನಿಲ್ಲದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಅದು ಬೇರೆ ಸಂಗತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಸಲ

ಕಥೆ ಗೊತ್ತಾದ ಮೇಲೆ ಅಳು ಬರಬಾರದು ಅಲ್ಲವೇ? ಹಾಸ್ಯ ಎರಡನೇ ಸಲಕ್ಕೆ ಸಪ್ಪೆಯಾಗುತ್ತದೆ, ಸಸ್ಪೆನ್ಸ್ ಸತ್ತೇಹೋಗುತ್ತದೆ. ಅಳು ಹಾಗಲ್ಲ. ಎಷ್ಟೋ ಜನ ಎರಡನೇ ಸಲ ಇನ್ನೂ ಬೇಗ ಅಳುತ್ತಾರೆ. ಮೊದಲ ಸಲ ಮುಂದೇನು ಅಂತ ಗೊತ್ತಿಲ್ಲದ್ದು ಪಾತ್ರಕ್ಕೂ ನಮಗೂ ಸಮ. ಎರಡನೇ ಸಲ ನಮಗೆ ಮಾತ್ರ ಗೊತ್ತು, ತಡೆಯಲು ಆಗದು. ಅಸಹಾಯಕತೆ ಮೊದಲ ದೃಶ್ಯದಿಂದಲೇ ಜೊತೆಗೆ ಬಂದು ಕೂರುತ್ತದೆ.

ಹೋದ ವರ್ಷ ಹಬ್ಬಕ್ಕೆ ಶಿರಾಕ್ಕೆ ಹೋಗಿದ್ದಾಗ ಟಿವಿಯಲ್ಲಿ ಆ ನಾಯಿಯ ಸಿನಿಮಾ ಬರುತ್ತಿತ್ತು. ಇನ್ನೂ ಶುರುವಿನ ಭಾಗ. ನಾಯಿ ಮನೆಯೊಳಗೆಲ್ಲ ನುಗ್ಗಿ ಸಾಮಾನು ಬೀಳಿಸುತ್ತಿದೆ, ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದಾರೆ. ಹೋಳಿಗೆ ತಟ್ಟುತ್ತಿದ್ದ ಚಿಕ್ಕಮ್ಮ ಮೊಣಕೈಯಿಂದ ಕಣ್ಣು ಒರೆಸಿಕೊಂಡದ್ದು ಕಂಡಿತು.

"ಇನ್ನೂ ಏನೂ ಆಗೇ ಇಲ್ವಲ್ಲ ಚಿಕ್ಕಮ್ಮ?" ಅಂದೆ.

"ಮುಂದೆ ಆಗುತ್ತಲ್ಲ ಕಣಪ್ಪ," ಅಂದರು.